ದಫ್ತರಕ್ಕೊಬ್ಬ ದ್ವಾರಪಾಲ

ಬೀದರ ನಗರದ ಪೂರ್ವಕ್ಕೆ, ಅಷ್ಟೂರಿನ ಬಯಲಿನಲ್ಲಿ ಬಹಮನೀ ಸುಲ್ತಾನರ ಗುಮ್ಮಟಗಳು ಸಾಲುಗಟ್ಟಿ ನಿಂತಿರುವಲ್ಲಿ, ಅಹಮದ್ ಶಾಹ ವಲಿಯ ಗೋರಿಯ ಹೊರಜಗುಲಿಯ ಮೇಲೆ ಕುಳಿತು ಇಬ್ಬರು ಆಡಿದ ಮಾತೆಂದು ವಾಚಕರು ಇದನ್ನು ಭಾವಿಸಿಕೊಳ್ಳಬಹುದು. ಒಬ್ಬರು ಸರ್ಕಾರದ ಗಣಕಶಾಖೆಯೊಂದರಲ್ಲಿ ಬಹುಕಾಲ ಪ್ರೋಗ್ರಾಮು ಬರೆದು, ನಿವೃತ್ತರಾಗಿ ಊರಿಗೆ ಮರಳಿದ ಹಿರಿಯರು. ಅವರ ತಂದೆ ನಿಜಾಮನ ಕಾಲದ ಪಟವಾರಿ. ಇನ್ನೊಬ್ಬಳು ಅವರ ಅಣ್ಣನ ಮಗಳು, ಬೆಂಗಳೂರಿನಲ್ಲಿ ತಂತ್ರಾಂಶದ ವಿನ್ಯಾಸವನ್ನೇ ವೃತ್ತಿಯಾಗಿ ಮಾಡಿಕೊಂಡವಳು. ಡೇಟಾಬೇಸಿನ ಮುಂದೆ, ಯಾವ ಪ್ರೋಗ್ರಾಮಿಂಗ್ ಭಾಷೆಗೂ ಕಟ್ಟುಬೀಳದ ಒಂದು ಸೇವಾಸ್ತರವನ್ನು ನಿಲ್ಲಿಸುವುದು ಉಚಿತವೆ ಎಂಬುದು ಅವರ ವಿವಾದದ ವಿಷಯ; ವಿವಾದಕ್ಕೆ ಆಧಾರವಾಗಿ ಅವರು ಹಿಡಿದುಕೊಂಡದ್ದು ನಮ್ಮೆಲ್ಲರಿಗೂ ಪರಿಚಿತವಾದ ಪಹಣಿ.

ಹಿರಿಯರು: ಡೇಟಾಬೇಸಿಗೆ ನೇರವಾಗಿ ಹೋಗಿ ಬೇಕಾದ ಸಾಲನ್ನು ತರುವುದನ್ನು ಬಿಟ್ಟು, ನಡುವೆ ಇನ್ನೊಂದು ಅಂತಸ್ತನ್ನು ಕಟ್ಟಿ, ಅದಕ್ಕೆ ಅರ್ಜಿ ಕೊಟ್ಟು, ಅದು ತಂದುಕೊಡುವವರೆಗೆ ಹೊರಗೆ ಕಾದಿರುವುದರಲ್ಲಿ ಏನು ಪುರುಷಾರ್ಥವಿದೆ, ತಂಗೀ? ನಮ್ಮ ಕಾಲದಲ್ಲಿ ಪ್ರೋಗ್ರಾಮೂ ಕೋಷ್ಟಕವೂ ಮುಖಾಮುಖಿಯಾಗಿ ಮಾತನಾಡುತ್ತಿದ್ದವು. ಅದರಿಂದ ಯಾರ ಕೆಲಸವೂ ನಿಂತದ್ದಿಲ್ಲ.

ತರುಣಿ: ನಿಮ್ಮ ಕಾಲದಲ್ಲಿ ಮಾತನಾಡಬೇಕಾದ ಪ್ರೋಗ್ರಾಮು ಒಂದೇ ಇತ್ತು, ಕಾಕಾ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದಾಗ, ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕೈಬರಹದಿಂದ ಗಣಕಕ್ಕೆ ಏರಿದುದು ಅದ್ಭುತವಾದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ರಚನೆ ಸರಳವಾಗಿತ್ತು: ತಾಲ್ಲೂಕು ಕಚೇರಿಗೊಂದು ಸರ್ವರು, ಅದರ ಮುಂದೆ ಒಂದು ಕಿಯಾಸ್ಕು, 15 ರೂಪಾಯಿ ಕೊಟ್ಟವನಿಗೆ ಒಂದು ಮುದ್ರಿತ ಪಹಣಿ. ಇಂದು ಅದೇ ಪಹಣಿಯನ್ನು ಕೇಳಿಕೊಂಡು ಬರುವವರನ್ನು ಎಣಿಸಿ ನೋಡಿರಿ. ನೋಂದಣಿ ಇಲಾಖೆಯ ‘ಕಾವೇರಿ’, ಭೂಮಾಪನದ ‘ಮೋಜಿಣಿ’, ರೈತನ ಗುರುತಿನ ‘ಫ್ರೂಟ್ಸ್’, ಬೆಳೆ ಸಮೀಕ್ಷೆಯ ಮೊಬೈಲ್ ಆ್ಯಪ್, ಬೆಳೆಸಾಲ ಕೊಡುವ ಬ್ಯಾಂಕುಗಳು. ಭಾಲ್ಕಿಯ ಒಬ್ಬ ರೈತ ಬೆಂಬಲ ಬೆಲೆಗೆ ಮಾರಲೆಂದು ತನ್ನ ತೊಗರಿಯನ್ನು ಖರೀದಿ ಕೇಂದ್ರಕ್ಕೆ ತಂದನೆಂದರೆ, ಅವನ ಎಫ್‌ಐಡಿ ಸಂಖ್ಯೆಯಿಂದ ಹೊಲ, ಹೊಲದಿಂದ ವಿಸ್ತೀರ್ಣ, ವಿಸ್ತೀರ್ಣದಿಂದ ಬೆಳೆ ಎಂಬ ಸರಪಳಿ ಕ್ಷಣಾರ್ಧದಲ್ಲಿ ಜಗ್ಗಬೇಕು. ಈ ಪ್ರೋಗ್ರಾಮುಗಳನ್ನು ಬರೆದವರು ಬೇರೆ, ಬರೆದ ಕಾಲ ಬೇರೆ, ಬರೆದ ಭಾಷೆಯೂ ಬೇರೆ. ಒಂದು ಜಾವಾದಲ್ಲಿರಬಹುದು, ಇನ್ನೊಂದು ಸಿ ಶಾರ್ಪಿನಲ್ಲಿ, ಮತ್ತೊಂದು ಪೈಥಾನಿನಲ್ಲಿ. ಇವರೆಲ್ಲರೂ ನೇರವಾಗಿ ಕೋಷ್ಟಕಕ್ಕೇ ಕೈಹಾಕುವುದಾದರೆ, ನಾಳೆ ಮಾಲೀಕನ ಹೆಸರನ್ನೂ ತಂದೆಯ ಹೆಸರನ್ನೂ ಪ್ರತ್ಯೇಕ ಕಾಲಮುಗಳಲ್ಲಿ ಇಡೋಣವೆಂದು ಯಾರಾದರೂ ನಿಶ್ಚಯಿಸಿದೊಡನೆ ಇಷ್ಟು ಪ್ರೋಗ್ರಾಮುಗಳೂ ಒಂದೇ ದಿನ ಮುರಿದುಬೀಳುತ್ತವೆ.

ಹಿರಿಯರು: ಭಾಷೆ ಬೇರೆಯಾದರೇನು, ಎಸ್‌ಕ್ಯೂಎಲ್ ಒಂದೇ ಅಲ್ಲವೆ? ಗಣಕವಿಜ್ಞಾನಿ ಕಾಡ್ 1970ರಲ್ಲಿ ಸಂಬಂಧಾತ್ಮಕ ಮಾದರಿಯನ್ನು ಪ್ರತಿಪಾದಿಸಿದುದರ ಮೂಲ ಆಶಯವೇ, ದತ್ತಾಂಶವನ್ನು ಯಂತ್ರದೊಳಗೆ ಹೇಗೆ ಜೋಡಿಸಿದೆ ಎಂಬ ಚಿಂತೆಯಿಂದ ಬಳಸುವವನನ್ನು ಬಿಡಿಸಬೇಕೆಂಬುದು. ಹೆಸರಿನ ಕಾಲಮು ಎರಡಾದರೆ, ಹಳೆಯ ರೂಪವನ್ನೇ ತೋರಿಸುವ ಒಂದು ವ್ಯೂ ಬರೆದಿಡು. ನಿಯಮಗಳು ಒಂದೆಡೆಯಲ್ಲಿರಬೇಕಾದರೆ ಸ್ಟೋರ್ಡ್ ಪ್ರೊಸೀಜರಿನಲ್ಲಿ ಬರೆ. ಜಾವಾದವನೂ ಪೈಥಾನಿನವನೂ ಅದನ್ನೇ ಕರೆಯಲಿ. ನೀನು ಹೊರಗೆ ಕಟ್ಟಹೊರಟಿರುವ ಅಂತಸ್ತು ಡೇಟಾಬೇಸಿನ ಒಳಗೇ ಸಿದ್ಧವಾಗಿ ಬಿದ್ದಿದೆ.

ತರುಣಿ: ಒಂದು ಕಚೇರಿಯ, ಒಂದು ಸರ್ವರಿನ ಮಟ್ಟಿಗೆ ನಿಮ್ಮ ಮಾತು ಸರಿ, ಅಷ್ಟಕ್ಕೆ ನಾನೂ ಬೇರೆಯದನ್ನು ಹೇಳುವುದಿಲ್ಲ. ಆದರೆ ಪ್ರೊಸೀಜರನ್ನು ಬರೆಯುವುದು ಆಯಾ ಡೇಟಾಬೇಸಿನ ಉಪಭಾಷೆಯಲ್ಲಿ. ಅದನ್ನು ಕರೆಯುವವನಿಗೆ ಡೇಟಾಬೇಸಿನ ಪಾಸ್‌ವರ್ಡು ಬೇಕು. ಇನ್ನೊಂದು ಇಲಾಖೆಗೆ, ಒಂದು ಬ್ಯಾಂಕಿಗೆ, ಆ ಪಾಸ್‌ವರ್ಡನ್ನು ಹಂಚುವ ಧೈರ್ಯ ನಿಮಗುಂಟೆ? ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಎಸ್‌ಕ್ಯೂಎಲ್ ಬಲ್ಲದ್ದು ಸಾಲು ಸೇರಿಸುವುದು, ತಿದ್ದುವುದು, ಅಳಿಸುವುದು. ಕಂದಾಯ ಇಲಾಖೆ ಬಲ್ಲ ಕ್ರಿಯೆಗಳು ಬೇರೆ. ಹೊಲವೊಂದು ಮಾರಾಟವಾದರೆ ನೋಂದಣಿಯಾಗುತ್ತದೆ, ಅಲ್ಲಿಂದ ಜೆ-ಸ್ಲಿಪ್ ಬರುತ್ತದೆ, ಮ್ಯುಟೇಶನ್ ರಿಜಿಸ್ಟರಿನಲ್ಲಿ ಎಂ.ಆರ್. ಸಂಖ್ಯೆ ಬೀಳುತ್ತದೆ, ನೋಟೀಸು ಹೊರಡುತ್ತದೆ, ತಕರಾರಿಗೆ ಕಾಲಾವಕಾಶ ಕೊಡಲಾಗುತ್ತದೆ, ಅಧಿಕಾರಿಯ ಆದೇಶವಾಗುತ್ತದೆ. ಇಷ್ಟೆಲ್ಲ ಆದ ಮೇಲೆ ಪಹಣಿಯ ಒಂಬತ್ತನೆಯ ಕಾಲಮಿನಲ್ಲಿ ಹೆಸರು ಬದಲಾಗುತ್ತದೆ. ಇದು ಒಂದು ಕಾಲಮನ್ನು ತಿದ್ದುವ ಕೆಲಸವೆಂದು ತಿಳಿದ ಪ್ರೋಗ್ರಾಮು ಕಾನೂನನ್ನೇ ಹಾರಿಹೋಗುತ್ತದೆ. ಆದುದರಿಂದ ನನ್ನ ಸೇವಾಸ್ತರ, ಈಗಿನವರು ಎಪಿಐ ಎನ್ನುವ ಆ ಬಾಗಿಲು, ಕೋಷ್ಟಕದ ಹೆಸರನ್ನೇ ಎತ್ತುವುದಿಲ್ಲ. ‘ಹಕ್ಕು ಬದಲಾವಣೆಯನ್ನು ಕೋರು’, ‘ತಕರಾರು ದಾಖಲಿಸು’, ‘ಋಣವನ್ನು ನಮೂದಿಸು’ ಎಂಬ ಕಚೇರಿಯ ಕ್ರಿಯಾಪದಗಳನ್ನು ಮಾತ್ರ ಅದು ತಿಳಿದಿರುತ್ತದೆ. ನೋಟೀಸಿನ ಅವಧಿಯನ್ನು ಸರ್ಕಾರ ನಾಳೆ ಬದಲಿಸಿದರೆ ತಿದ್ದಬೇಕಾದ ಸ್ಥಳ ಒಂದೇ.

ಹಿರಿಯರು: ಕ್ರಿಯಾಪದದ ಮಾತು ಒಪ್ಪಬಹುದಾದುದು. 1964ರ ಭೂಕಂದಾಯ ಕಾಯಿದೆಯ 133ನೆಯ ಕಲಮಿನ ಪ್ರಕಾರ, ಹಕ್ಕುದಾಖಲೆಯ ನಮೂದನ್ನು ತದ್ವಿರುದ್ಧವಾದುದು ಸಿದ್ಧವಾಗುವವರೆಗೆ ಸತ್ಯವೆಂದೇ ಭಾವಿಸತಕ್ಕದ್ದು. ಅಂಥ ನಮೂದನ್ನು ಯಾವನೋ ಒಬ್ಬ ಹೊರಗುತ್ತಿಗೆಯ ಹುಡುಗ ಅಪ್‌ಡೇಟ್ ಕೊಟ್ಟು ಬದಲಿಸುವುದನ್ನು ನಾನೂ ಸಹಿಸಲಾರೆ. ಆದರೆ ಯಾವ ಭಾಷೆಗೂ ಕಟ್ಟುಬೀಳದ್ದು ಎಂಬ ನಿನ್ನ ವಿಶೇಷಣದಲ್ಲಿ ನನಗೆ ನಂಬಿಕೆಯಿಲ್ಲ. ನಿನ್ನ ಬಾಗಿಲಿನಿಂದ ಉತ್ತರ ಹೊರಬರುವುದು ಯಾವ ರೂಪದಲ್ಲಿ?

ತರುಣಿ: ಸಾಮಾನ್ಯವಾಗಿ ಜೇಸನ್. ಎಲ್ಲ ಭಾಷೆಗಳೂ ಅದನ್ನು ಓದಬಲ್ಲವು.

ಹಿರಿಯರು: ಸರಿ, ಒಂದು ಹೊಲದ ವಿಸ್ತೀರ್ಣ 2 ಎಕರೆ 20 ಗುಂಟೆ ಎಂದು ಇಟ್ಟುಕೊ. ಪಹಣಿಯಲ್ಲಿ ಅದು ಅಚ್ಚಾಗುವುದು 2.20.00 ಎಂದು, ಎಕರೆ, ಗುಂಟೆ, ಆಣೆಯ ಕ್ರಮದಲ್ಲಿ. ಕೊನೆಯ ಎರಡು ಸೊನ್ನೆಗಳೇಕೆ ಎಂದು ನಿಮ್ಮವನೊಬ್ಬ ಅದನ್ನು 2.20 ಎಂಬ ಸಂಖ್ಯೆಯಾಗಿ ಕಳುಹಿಸಿದನೆನ್ನು. ಅತ್ತ ಕಡೆಯ ಪ್ರೋಗ್ರಾಮು ಅದನ್ನು ದಶಮಾಂಶವೆಂದು ಬಗೆದು 2.2 ಎಂದು ಇಟ್ಟುಕೊಳ್ಳುತ್ತದೆ. ಅದನ್ನು ಮತ್ತೆ ಕಾಗದಕ್ಕೆ ಇಳಿಸುವವನು 2 ಎಕರೆ 2 ಗುಂಟೆ ಎಂದು ಓದುತ್ತಾನೆ. ಹದಿನೆಂಟು ಗುಂಟೆ ನೆಲ ಗಾಳಿಯಲ್ಲಿ ಹೋಯಿತು! ಅಂಥ ಎರಡು ಹೊಲಗಳನ್ನು ಕೂಡಿಸಿದರೆ ನಿನ್ನ ಯಂತ್ರ 4.40 ಎನ್ನುತ್ತದೆ, ಎಕರೆಗೆ 40 ಗುಂಟೆಯೆಂದು ಬಲ್ಲ ಅಷ್ಟೂರಿನ ಯಾವ ಒಕ್ಕಲಿಗನಾದರೂ ಐದು ಎಕರೆ ಎನ್ನುತ್ತಾನೆ. ಎಲ್ಲ ಭಾಷೆಗಳೂ ಓದಬಲ್ಲವೆಂದೆ. ಎಲ್ಲವೂ ಒಂದೇ ಬಗೆಯಾಗಿ ತಪ್ಪು ಓದಬಲ್ಲವೆಂಬುದನ್ನೂ ಅದಕ್ಕೆ ಸೇರಿಸು.

ತರುಣಿ: ಇದನ್ನು ನೀವು ನನ್ನ ವಿರುದ್ಧವಾಗಿ ಹೇಳಿದಿರಿ; ನಾನು ಇದನ್ನು ನನ್ನ ಪಕ್ಷದ ಸಾಕ್ಷ್ಯವೆಂದೇ ಸ್ವೀಕರಿಸುತ್ತೇನೆ. ಕೋಷ್ಟಕದಲ್ಲಿ 2.20 ಎಂದಿರುವುದರ ಅರ್ಥ ಕೋಷ್ಟಕದಲ್ಲಿ ಎಲ್ಲಿಯೂ ಬರೆದಿಲ್ಲ. ಅದು ನಿಮ್ಮಂಥವರ ತಲೆಯಲ್ಲಿದೆ. ನೇರವಾಗಿ ಕೋಷ್ಟಕಕ್ಕೆ ಹೋಗುವ ಪ್ರತಿಯೊಂದು ಪ್ರೋಗ್ರಾಮಿನ ಕರ್ತೃವೂ ಅದನ್ನು ತಾನೇ ಊಹಿಸಬೇಕು. ನನ್ನ ಕರಾರಿನಲ್ಲಾದರೋ ವಿಸ್ತೀರ್ಣವೆಂಬುದು ಸಂಖ್ಯೆಯೇ ಅಲ್ಲ. ಎಕರೆ, ಗುಂಟೆ, ಆಣೆ ಎಂದು ಹೆಸರಿಟ್ಟ ಮೂರು ಪೂರ್ಣಾಂಕಗಳು. ಇಲ್ಲವೆ ಎಲ್ಲವನ್ನೂ ಆಣೆಗೆ ಇಳಿಸಿ, ಗುಂಟೆಗೆ 16ರಂತೆ, 1600 ಆಣೆ ಎಂಬ ಒಂದೇ ಪೂರ್ಣಾಂಕ. ಕೂಡಿಸಲು ಯಾವ ಭಾಷೆಗೂ ತೊಡಕಿಲ್ಲ. ಜೇಸನ್ನಿನ ದೌರ್ಬಲ್ಯ ನನಗೂ ತಿಳಿದಿದೆ. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯಾರೂಪ 9007199254740992ರಿಂದಾಚೆಯ ಪೂರ್ಣಾಂಕಗಳನ್ನು ನಿಖರವಾಗಿ ಹಿಡಿಯಲಾರದು, ಒಂದನ್ನು ಕೂಡಿಸಿದರೂ ಅದೇ ಸಂಖ್ಯೆಯನ್ನು ತೋರಿಸುತ್ತದೆ. ಆದುದರಿಂದ ಉದ್ದನೆಯ ಗುರುತುಸಂಖ್ಯೆಗಳನ್ನು ಅಕ್ಷರಮಾಲೆಯಾಗಿಯೇ ಕಳುಹಿಸಬೇಕು. ಭಾಷಾತೀತತೆ ತಾನಾಗಿ ಒದಗುವ ಗುಣವಲ್ಲ. ಪ್ರತಿಯೊಂದು ಭಾಷೆ ಎಲ್ಲಿ ಎಡವುವುದೆಂದು ತಿಳಿದು, ಆ ಜಾಗಗಳನ್ನೆಲ್ಲ ಬಿಟ್ಟು ಹಾದಿ ಮಾಡಿದರೆ ದೊರೆಯುವ ಫಲ.

ಹಿರಿಯರು: ಹಾಗಾದರೆ ಸರ್ನಾಕಿನ ನಕ್ಷತ್ರವನ್ನು ಏನು ಮಾಡುವೆ? ಸರ್ವೆ ನಂಬರು, ಸರ್ನಾಕು, ಹಿಸ್ಸಾ ಎಂದು ಮೂರು ಖಾನೆಗಳಿವೆ. ಸರ್ನಾಕು ಇಲ್ಲದೆಡೆ ಒಂದು ನಕ್ಷತ್ರದ ಗುರುತು ಹಾಕುತ್ತಾರೆ. ನಿನ್ನ ಒಂದು ಭಾಷೆಗೆ ಅದು ಶೂನ್ಯ, ಇನ್ನೊಂದಕ್ಕೆ ಖಾಲಿ ಅಕ್ಷರಮಾಲೆ, ಮತ್ತೊಂದು ಅದನ್ನು ಗುಣಾಕಾರದ ಗುರುತೆಂದೇ ಭ್ರಮಿಸೀತು.

ತರುಣಿ: ‘ಇಲ್ಲ’ ಎಂಬುದೂ ‘ತಿಳಿಯದು’ ಎಂಬುದೂ ಬೇರೆ ಬೇರೆಯೆಂದು ಕರಾರಿನಲ್ಲಿ ಬರೆಯಬೇಕು, ಅಷ್ಟೆ. ಇದಕ್ಕಿಂತ ಸೂಕ್ಷ್ಮವಾದ ಕೀಟಲೆ ಲಿಪಿಯದು. ಯೂನಿಕೋಡಿನಲ್ಲಿ ‘ದೊಡ್ಡಪ್ಪ’ ಎಂಬ ಹೆಸರಿನ ಮೊದಲಕ್ಷರದ ಒಕಾರವನ್ನು ಒಂದೇ ಚಿಹ್ನೆಯಾಗಿ ಸಂಗ್ರಹಿಸಬಹುದು. ಎಕಾರ, ಊಕಾರಗಳ ಎರಡು ಚಿಹ್ನೆಗಳನ್ನು ಒಂದರ ಪಕ್ಕ ಒಂದಿಟ್ಟೂ ಸಂಗ್ರಹಿಸಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಇಬ್ಬರು ಬೇರೆ ಬೇರೆ ದೊಡ್ಡಪ್ಪಂದಿರು. ಒಂದು ಪ್ರೋಗ್ರಾಮು ಬರೆದ ಹೆಸರನ್ನು ಇನ್ನೊಂದು ಹುಡುಕಿ, ಸಿಗದೆ, ಈ ರೈತನಿಗೆ ಹೊಲವೇ ಇಲ್ಲವೆಂದು ಬರೆದುಬಿಡುತ್ತದೆ. ಬಾಗಿಲಿನಲ್ಲಿಯೇ ಎಲ್ಲ ಹೆಸರುಗಳನ್ನೂ ಒಂದೇ ರೂಪಕ್ಕೆ ತಂದು ಒಳಗೆ ಬಿಟ್ಟರೆ ಈ ತಂಟೆಯಿಲ್ಲ.

ಹಿರಿಯರು: ನಾವು ಇದಕ್ಕಿಂತಲೂ ದೊಡ್ಡ ತಂಟೆಯನ್ನು ಕಂಡವರು. ಹಳೆಯ ಫಾಂಟುಗಳ ಕಾಲದಲ್ಲಿ ಅಕ್ಷರಕ್ಕಲ್ಲ, ಅಕ್ಷರದ ತುಂಡಿಗೆ ಸಂಖ್ಯೆ ಕೊಟ್ಟಿದ್ದರು. ಒಂದು ಫಾಂಟಿನಲ್ಲಿ ಬೆರಳಚ್ಚು ಮಾಡಿದ ಹೆಸರನ್ನು ಇನ್ನೊಂದು ಫಾಂಟಿನಲ್ಲಿ ತೆರೆದರೆ ಕನ್ನಡವೂ ಅಲ್ಲದ ಇಂಗ್ಲಿಷೂ ಅಲ್ಲದ ಚಿತ್ರಾವಳಿ. ಆದುದರಿಂದ ನಿನ್ನ ಮಾತಿನ ಬೆಲೆ ಬಲ್ಲೆ. ಆದರೂ ಹೆಸರನ್ನು ಒಂದು ರೂಪಕ್ಕೆ ತರುತ್ತೇನೆಂಬ ನಿನ್ನ ಉತ್ಸಾಹ ಈ ಜಿಲ್ಲೆಯಲ್ಲಿ ಎಷ್ಟು ದೂರ ಸಾಗೀತು? ಇಲ್ಲಿ ಒಬ್ಬನೇ ಮನುಷ್ಯ ಹಳೆಯ ಖಾಸ್ರಾ ಪಹಣಿಯಲ್ಲಿ ಉರ್ದುವಿನ ಹೆಸರು ಹೊತ್ತಿದ್ದಾನೆ, ಔರಾದಿನ ಶಾಲೆಯ ದಾಖಲೆಯಲ್ಲಿ ಮರಾಠಿಯದು, ಪಹಣಿಯಲ್ಲಿ ಕನ್ನಡದ್ದು, ಆಧಾರಿನಲ್ಲಿ ಇಂಗ್ಲಿಷಿನದು.

ತರುಣಿ: ಅದಕ್ಕೇ ಗುರುತು ಬೇರೆ, ಹೆಸರು ಬೇರೆ ಎನ್ನುವುದು. ನಾವು ಕುಳಿತಿರುವ ಈ ಗೋರಿಯನ್ನೇ ನೋಡಿರಿ. ಉರುಸಿಗೆ ಬಂದ ಮುಸಲ್ಮಾನನಿಗೆ ಒಳಗಿರುವವನು ಅಹಮದ್ ಶಾಹ ವಲಿ. ಜಾತ್ರೆಗೆ ಬಂದ ಲಿಂಗಾಯತನಿಗೆ ಅವನೇ ಅಲ್ಲಮಪ್ರಭು. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬಂದು ಉತ್ಸವವನ್ನು ನಡೆಸಿಕೊಡುತ್ತಾರೆ. ಸ್ಥಳ ಒಂದೇ, ಕರೆಯುವ ಹೆಸರು ಎರಡು. ನನ್ನ ವಿನ್ಯಾಸದಲ್ಲಿ ರೈತನಿಗೆ ಅರ್ಥರಹಿತವಾದ ಒಂದು ಗುರುತುಸಂಖ್ಯೆ. ಹೆಸರುಗಳು ಅದಕ್ಕೆ ತೂಗುಹಾಕಿದ ಫಲಕಗಳು, ಎಷ್ಟು ಲಿಪಿಯಲ್ಲಿ ಬೇಕಾದರೂ.

ಹಿರಿಯರು: ಒಳ್ಳೆಯ ನಿದರ್ಶನ, ಆದರೆ ಅದು ನಿನ್ನ ಕೈಯನ್ನೇ ಕೊಯ್ಯುತ್ತದೆ. ನಿನ್ನ ಕರಾರಿನಲ್ಲಿ ವಲಿಯೂ ಅಲ್ಲಮನೂ ಎರಡು ಹೆಸರುಳ್ಳ ಒಂದೇ ದಾಖಲೆಯೊ, ಒಂದೇ ವಿಳಾಸವುಳ್ಳ ಎರಡು ದಾಖಲೆಗಳೊ? ನೀನು ಎರಡರಲ್ಲೊಂದನ್ನು ನಿಶ್ಚಯಿಸಲೇಬೇಕು. ಯಂತ್ರ ಮೂರನೆಯ ದಾರಿಯನ್ನರಿಯದು. ಇಲ್ಲಿಗೆ ಬರುವ ಜನ ಸುಮಾರು ಆರು ಶತಮಾನದಿಂದ ಅದನ್ನು ನಿಶ್ಚಯಿಸದೆಯೇ ಬಂದು ಹೋಗುತ್ತಿದ್ದಾರೆ, ಮತ್ತು ನಿಶ್ಚಯಿಸದಿರುವುದರಿಂದಲೇ ಇಬ್ಬರೂ ಬರುತ್ತಿದ್ದಾರೆ. ಕರಾರು ಬರೆಯುವವನು ಅರ್ಥವನ್ನು ಸ್ಪಷ್ಟಪಡಿಸುತ್ತೇನೆಂದು ಹೊರಟು, ಎಷ್ಟೋ ವೇಳೆ, ಯಾರೂ ಕೊಡದ ತೀರ್ಪನ್ನು ತಾನೇ ಕೊಟ್ಟುಬಿಡುತ್ತಾನೆ.

ತರುಣಿ: ತೀರ್ಪು ಕೋಷ್ಟಕದಲ್ಲಿಯೂ ಇರುತ್ತದೆ, ಕಾಕಾ, ಅಲ್ಲಿ ಯಾರೂ ಅದನ್ನು ಓದುವುದಿಲ್ಲ ಎಂಬುದಷ್ಟೇ ಭೇದ. ಬೀದರ ಜಿಲ್ಲೆಗೆ ಐದು ತಾಲ್ಲೂಕುಗಳಿದ್ದವು. 2018ರಲ್ಲಿ ಕಮಲನಗರ, ಹುಲಸೂರ, ಚಿಟಗುಪ್ಪಗಳು ಸೇರಿ ಎಂಟಾದವು. ಗ್ರಾಮದ ಸಂಕೇತಸಂಖ್ಯೆಯೊಳಗೇ ತಾಲ್ಲೂಕಿನ ಸಂಕೇತವನ್ನು ಹುದುಗಿಸಿಟ್ಟವನು, ಊರು ಎಂದೆಂದಿಗೂ ತನ್ನ ತಾಲ್ಲೂಕನ್ನು ಬಿಟ್ಟು ಕದಲದು ಎಂಬ ತೀರ್ಪನ್ನು ಕೊಟ್ಟಂತೆಯೇ ಅಲ್ಲವೆ? ಔರಾದಿನಿಂದ ಕಮಲನಗರಕ್ಕೆ ಸರಿದ ಊರಿನ ಹಳೆಯ ಸಂಕೇತವನ್ನು ಬ್ಯಾಂಕಿನ ಪ್ರೋಗ್ರಾಮೊಂದು ಕಂಠಪಾಠ ಮಾಡಿಟ್ಟುಕೊಂಡಿದ್ದರೆ, ಆ ಊರಿನ ಸಾಲಗಾರನ ಋಣ ಯಾವ ಪಹಣಿಯ ಹನ್ನೊಂದನೆಯ ಕಾಲಮಿಗೆ ಹೋಗಿ ಕುಳಿತುಕೊಳ್ಳಬೇಕು? ನಡುವೆ ಒಂದು ಸ್ತರವಿದ್ದರೆ ಹಳೆಯ ಸಂಖ್ಯೆಯನ್ನು ಹೊಸದಕ್ಕೆ ಹೊಂದಿಸುವ ಕೆಲಸ ಅಲ್ಲಿಯೇ ಒಮ್ಮೆ ಮುಗಿಯುತ್ತದೆ.

ಹಿರಿಯರು: ಸರಿ, ಆ ಲಾಭ ನಿನ್ನದು. ಇನ್ನು ನಷ್ಟದ ಲೆಕ್ಕವನ್ನು ಬರೆ. ನನ್ನ ತಂದೆ ಪಟವಾರಿಯಾಗಿದ್ದಾಗ ತಹಸೀಲಿಗೆ ಹೋಗುವ ಕಾಗದ ಉರ್ದುವಿನದು. ಕೇಳಲು ಬರುವವನು ಅಷ್ಟೂರಿನವನಾದರೆ ಕನ್ನಡ, ಔರಾದಿನ ಕಡೆಯವನಾದರೆ ಮರಾಠಿ, ಮೂಡಲವನಾದರೆ ತೆಲುಗು. ಯಾರು ಯಾವ ಭಾಷೆಯಲ್ಲಿ ಕೇಳಿದರೂ ಅಪ್ಪ ಆಯಾ ಭಾಷೆಯಲ್ಲಿಯೇ ಉತ್ತರ ಹೇಳುತ್ತಿದ್ದರು. ದಫ್ತರದ ಗಂಟನ್ನು ಮಾತ್ರ ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ನೀನು ಇಷ್ಟು ಹೊತ್ತು ವರ್ಣಿಸಿದ ಭಾಷಾತೀತವಾದ ಸೇವಾಸ್ತರ ಅದೇ ಅಲ್ಲವೆ? ಕೇಳಬಹುದಾದುದೇನು, ಕೇಳಬಾರದುದೇನು, ಯಾರಿಗೆ ಇಂದು, ಯಾರಿಗೆ ನಾಳೆ, ಎಲ್ಲವೂ ಆ ಜಗುಲಿಯ ಮೇಲೆ ಕುಳಿತವನ ಇಚ್ಛೆ. ವಂಶಪಾರಂಪರ್ಯದ ಆ ಅಧಿಕಾರವನ್ನು 1961ರ ಕಾಯಿದೆಯಿಂದ ತೆಗೆದುಹಾಕಿದರು; ಉಳಿದ ಬಿಗುವನ್ನು ‘ಭೂಮಿ’ ಸಡಿಲಿಸಿತು. ಕೈಬರಹದ ಪಹಣಿಗೆ ಮಾನ್ಯತೆಯಿಲ್ಲ, ಗಣಕಕ್ಕೆ ಬೆರಳಚ್ಚು ಕೊಟ್ಟಲ್ಲದೆ ಪ್ರವೇಶವಿಲ್ಲ, ಮ್ಯುಟೇಶನ್ನಿನ ಅರ್ಜಿ ಮೊದಲು ಬಂದವನದು ಮೊದಲು. ಇಷ್ಟು ಕಷ್ಟದಿಂದ ಇಳಿಸಿದ ದ್ವಾರಪಾಲನನ್ನು ನೀವು ಹೊಸ ಉಡುಪಿನಲ್ಲಿ ಮತ್ತೆ ಕೂರಿಸಹೊರಟಿದ್ದೀರಿ.

ತರುಣಿ: ಅಜ್ಜನ ನಿಯಮಗಳನ್ನು ಯಾರಿಗೂ ಓದಲಾಗುತ್ತಿರಲಿಲ್ಲ; ನನ್ನ ಬಾಗಿಲಿನ ಕರಾರು ಪ್ರಕಟವಾದದ್ದು. ಯಾರು, ಯಾವಾಗ, ಏನು ಕೇಳಿದರು, ಏನು ಉತ್ತರ ಹೋಯಿತು ಎಂಬುದು ದಿನಚರಿಯಲ್ಲಿ ದಾಖಲಾಗುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ನೋಂದಣಿಯ ಕಡೆಯಿಂದ ಜೆ-ಸ್ಲಿಪ್ ಹೊರಟ ಕ್ಷಣದಲ್ಲಿ ನೆಟ್ ಕಡಿದುಹೋಯಿತೆನ್ನಿರಿ. ಅದು ತಲುಪಿತೊ ಇಲ್ಲವೊ ಎಂದು ಅತ್ತಲಿನ ಪ್ರೋಗ್ರಾಮಿಗೆ ತಿಳಿಯದು, ಮತ್ತೊಮ್ಮೆ ಕಳುಹಿಸುತ್ತದೆ. ನೇರವಾಗಿ ಕೋಷ್ಟಕಕ್ಕೆ ಬರೆಯುವ ಪದ್ಧತಿಯಲ್ಲಿ ಒಂದೇ ಮಾರಾಟಕ್ಕೆ ಎರಡು ಮ್ಯುಟೇಶನ್ ಬಿದ್ದಾವು. ನನ್ನ ಕರಾರಿನಲ್ಲಿ ಪ್ರತಿ ಕೋರಿಕೆಯೂ ತನ್ನದೊಂದು ಸಂಖ್ಯೆಯನ್ನು ಹೊತ್ತು ಬರಬೇಕು. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಬಾಗಿಲು ಹೊಸ ಕೆಲಸವನ್ನೇನೂ ಮಾಡದೆ ಹಿಂದಿನ ಉತ್ತರವನ್ನೇ ಕೊಟ್ಟು ಕಳುಹಿಸುತ್ತದೆ.

ಹಿರಿಯರು: ಅದು ನಮ್ಮ ಆವಕದ ನಂಬರು! ತಾಲ್ಲೂಕು ಕಚೇರಿಯ ಆವಕ-ಜಾವಕ ರಿಜಿಸ್ಟರನ್ನು ನೀವು ಯಂತ್ರಕ್ಕೆ ಕಲಿಸಿದಿರಿ; ಸಂತೋಷ. ಆದರೆ ಆ ಕರಾರು ಪ್ರಕಟವಾದದ್ದು ಯಾರಿಗಾಗಿ? ಪ್ರೋಗ್ರಾಮು ಬರೆಯುವವರಿಗಾಗಿ. ಕಿಟಕಿಯ ಮುಂದೆ ನಿಂತ ರೈತನಿಗೆ ಕೇಳಿ ಬರುವ ಮಾತು ಒಂದೇ, ‘ಸರ್ವರ್ ಡೌನ್’. 2025ರ ಆರಂಭದಲ್ಲಿ ‘ಕಾವೇರಿ 2.0’ರ ಮೇಲೆ ಹುಸಿ ಕೋರಿಕೆಗಳ ಮಹಾಪೂರವೇ ಹರಿದುಬಂದು ರಾಜ್ಯದಾದ್ಯಂತ ನೋಂದಣಿ ಸ್ತಬ್ಧವಾದದ್ದು ನಿನಗೆ ತಿಳಿದೇ ಇದೆ. ತಾಲ್ಲೂಕಿಗೊಂದು ಸರ್ವರಿದ್ದ ಕಾಲದಲ್ಲಿ ಹುಮನಾಬಾದಿನದು ಕೆಟ್ಟರೆ ಬಸವಕಲ್ಯಾಣದ್ದು ನಡೆಯುತ್ತಿತ್ತು. ಬಾಗಿಲು ಒಂದೇ ಆದರೆ, ಅದು ಮುಚ್ಚಿದ ದಿನ ಎಲ್ಲರಿಗೂ ಮುಚ್ಚುತ್ತದೆ.

ತರುಣಿ: ಆ ಪೂರ ನೇರವಾಗಿ ಡೇಟಾಬೇಸಿಗೇ ಹೊಕ್ಕಿದ್ದರೆ ಏನಾಗುತ್ತಿತ್ತೆಂದೂ ಯೋಚಿಸಿರಿ. ಒಬ್ಬನಿಗೆ ನಿಮಿಷಕ್ಕೆ ಇಷ್ಟೇ ಕೋರಿಕೆಯೆಂದು ಮಿತಿ ಹಾಕುವುದು, ಪದೇಪದೇ ಕೇಳುವ ಉತ್ತರವನ್ನು ಕೈಗೆಟುಕುವಲ್ಲಿ ಇರಿಸಿಕೊಳ್ಳುವುದು, ಒಂದು ಬಾಗಿಲಿಗೆ ಬದಲಾಗಿ ಅದೇ ಬಗೆಯ ಹತ್ತು ಬಾಗಿಲುಗಳನ್ನು ಇಡುವುದು, ಇವೆಲ್ಲ ಸ್ತರವಿದ್ದರೆ ಮಾತ್ರ ಸಾಧ್ಯ.

ಹಿರಿಯರು: ಸಾಧ್ಯವೆಂಬುದೂ ಆಯಿತೆಂಬುದೂ ಬೇರೆ. ಇನ್ನೊಂದು ನಷ್ಟ ಇದಕ್ಕಿಂತಲೂ ಆಳವಾದುದು. ಮಳೆ ಕೈಕೊಟ್ಟ ವರ್ಷ ಜಿಲ್ಲಾಧಿಕಾರಿಗಳು ಮಧ್ಯಾಹ್ನ ಹೇಳಿ ಕಳುಹಿಸುತ್ತಾರೆ: ಔರಾದ್ ತಾಲ್ಲೂಕಿನಲ್ಲಿ ಎರಡು ಎಕರೆಗಿಂತ ಕಡಿಮೆ ಹಿಡುವಳಿಯುಳ್ಳ, ಉದ್ದು ಬಿತ್ತಿದ, ಸಾಲದ ಋಣವೂ ಇರುವ ಖಾತೆದಾರರೆಷ್ಟು? ಎಸ್‌ಕ್ಯೂಎಲ್ ಬಲ್ಲವನು ಸಂಜೆಯೊಳಗೆ ಉತ್ತರ ಕೊಟ್ಟಾನು. ನಿನ್ನ ಬಾಗಿಲಾದರೋ, ತನಗೆ ಮೊದಲೇ ಹೇಳಿಕೊಟ್ಟಿರುವ ಪ್ರಶ್ನೆಗಳಿಗೆ ಮಾತ್ರ ಉತ್ತರಿಸುತ್ತದೆ. ಈ ಪ್ರಶ್ನೆ ಪಟ್ಟಿಯಲ್ಲಿಲ್ಲ, ಮುಂದಿನ ಆವೃತ್ತಿಯಲ್ಲಿ ನೋಡೋಣ ಎನ್ನುತ್ತದೆ. ಅಥವಾ ತಾಲ್ಲೂಕಿನ ಪ್ರತಿಯೊಂದು ಸರ್ವೆ ನಂಬರನ್ನೂ ಒಂದೊಂದಾಗಿ ಕೇಳಿ, ಸಾವಿರಾರು ಸಲ ಹೋಗಿ ಬಂದು, ನೀನೇ ಕೂಡಿಸಿಕೊ ಎನ್ನುತ್ತದೆ. ಯಾರೂ ಊಹಿಸದ ಪ್ರಶ್ನೆಯನ್ನು ಕೇಳಲು ಬಿಡುವುದೇ ಡೇಟಾಬೇಸಿನ ದೊಡ್ಡ ಗುಣ; ಅದನ್ನೇ ನೀನು ಬಾಗಿಲ ಹಿಂದೆ ಕೂಡಿಹಾಕುತ್ತೀಯೆ.

ತರುಣಿ: ಓದುವುದಕ್ಕೆಂದೇ ಒಂದು ಪ್ರತಿಯನ್ನು ಬೇರೆಯಾಗಿ ಇಟ್ಟು, ಅದರ ಮೇಲೆ ಎಸ್‌ಕ್ಯೂಎಲ್ ಬಿಡಬಹುದು. ಬರೆಯುವುದು ಮಾತ್ರ ಬಾಗಿಲಿನ ಮೂಲಕ.

ಹಿರಿಯರು: ಅಂದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲನ್ನು ತೆರೆದಂತಾಯಿತು. ಆ ಪ್ರತಿಯ ಕೋಷ್ಟಕದಲ್ಲಿ 2.20 ಎಂದೇ ಇರುವುದಾದರೆ, ನಿನ್ನ ಹದಿನೆಂಟು ಗುಂಟೆ ಅಲ್ಲಿಂದ ಸೋರಿಹೋಗುತ್ತದೆ.

ತರುಣಿ: ಈ ಏಟು ತಗುಲಿತೆಂದು ಒಪ್ಪುತ್ತೇನೆ. ಓದುವ ಪ್ರತಿಗೂ ಕರಾರು ಬೇಕು. ಮೂಲ ಕೋಷ್ಟಕಗಳನ್ನಲ್ಲ, ಆಣೆಗೆ ಇಳಿಸಿದ ವಿಸ್ತೀರ್ಣವುಳ್ಳ, ಕಾಲಮುಗಳ ಅರ್ಥವನ್ನು ಬರೆದಿಟ್ಟ ವ್ಯೂಗಳನ್ನು ಮಾತ್ರ ಅಲ್ಲಿ ತೋರಿಸಬೇಕು. ಅದನ್ನು ನೀವು ಮೊದಲೇ ಹೇಳಿದ್ದಿರಿ. ಆಗ ನಾನು ಅದಕ್ಕೆ ಅರ್ಧ ಬೆಲೆಯನ್ನು ಮಾತ್ರ ಕೊಟ್ಟೆ.

ಹಿರಿಯರು: ನಾನೂ ಒಂದನ್ನು ಒಪ್ಪಿಕೊಳ್ಳಬೇಕಷ್ಟೆ. ಬರೆಯುವ ಬಾಗಿಲು ಒಂದೇ ಇರಬೇಕೆಂಬುದನ್ನು ಇನ್ನು ಮೇಲೆ ವಿರೋಧಿಸುವುದಿಲ್ಲ. ಆದರೆ ಅದನ್ನು ಯಾವ ಸಾಮಗ್ರಿಯಿಂದ ಕಟ್ಟುವೆ? 1991ರಲ್ಲಿ ಕಾರ್ಬಾ ಬಂದಾಗ, ಎಲ್ಲ ಭಾಷೆಗಳ ಜಗಳವೂ ಇನ್ನು ತೀರಿತೆಂದರು. ಅನಂತರ ಸೋಪ್ ಬಂತು, ಅದರ ಎಕ್ಸ್‌ಎಂಎಲ್ಲಿನ ಭಾರಕ್ಕೆ ಜನ ಬೇಸತ್ತರು. 2000ದಲ್ಲಿ ಫೀಲ್ಡಿಂಗನ ಪ್ರಬಂಧದಿಂದ ರೆಸ್ಟ್ ಎಂಬ ಹೆಸರು ಬಂತು. 2007ರಲ್ಲಿ ಫೇಸ್‌ಬುಕ್ಕಿನವರ ಥ್ರಿಫ್ಟ್, ಮರುವರ್ಷ ಗೂಗಲಿನವರ ಪ್ರೋಟೊಕಾಲ್ ಬಫರ್. ಪ್ರತಿಯೊಂದೂ ತಾನು ಭಾಷೆಗಳ ಜಗಳದಿಂದ ಆಚೆಯದು ಎಂದುಕೊಂಡೇ ಬಂದು, ಕಲಿಯಬೇಕಾದ ಇನ್ನೊಂದು ಭಾಷೆಯಾಗಿ ಉಳಿಯಿತು. ಎಸ್‌ಕ್ಯೂಎಲ್ ಮಾತ್ರ ಅಂದಿನಿಂದ ಇಂದಿನವರೆಗೂ ಅಲ್ಲಿಯೇ ಕುಳಿತಿದೆ.

ತರುಣಿ: ವಾಹನ ಬದಲಾಗುತ್ತದೆ, ಅದು ಹೊರುವ ಅರ್ಥ ಬದಲಾಗಬೇಕಾಗಿಲ್ಲ. ಅದಕ್ಕಾಗಿಯೇ ಕರಾರನ್ನು ಮೊದಲು ತಿಳಿಯಾದ ಕನ್ನಡದಲ್ಲಿ ಬರೆಯಬೇಕೆಂಬುದು ನನ್ನ ನಿಲುವು: ಈ ಕೋರಿಕೆಗೆ ಏನೇನು ಬೇಕು, ಯಾವ ಕಾರಣಕ್ಕೆ ತಿರಸ್ಕಾರವಾದೀತು, ತಿರಸ್ಕಾರವಾದರೆ ಮುಂದಿನ ದಾರಿಯೇನು. ಕಿಟಕಿಯಲ್ಲಿ ‘ಸರ್ವರ್ ಡೌನ್’ ಎನ್ನುವುದಕ್ಕೆ ಬದಲಾಗಿ ‘ಈ ಸರ್ವೆ ನಂಬರಿಗೆ ಭೂಮಾಪನದ 11ಇ ನಕ್ಷೆ ಇನ್ನೂ ಬಂದಿಲ್ಲ’ ಎಂದು ಹೇಳುವಂತಾದರೆ, ರೈತ ಅಲೆಯಬೇಕಾದ ಕಚೇರಿ ಯಾವುದೆಂದಾದರೂ ಅವನಿಗೆ ತಿಳಿದೀತು. ಜೇಸನ್ನೊ, ಇನ್ನೊಂದೊ, ಆ ಬರಹಕ್ಕೆ ಆ ಕಾಲದ ಉಡುಪು.

ಹಿರಿಯರು: ಬಹಳ ಸರಿ. ಆದರೆ ಆ ಕರಾರನ್ನು ತಿದ್ದುವ ಅಧಿಕಾರ ಯಾರದು? ಕಾಯಿದೆಯನ್ನು ವಿಧಾನಮಂಡಲದಲ್ಲಿ ಚರ್ಚಿಸಿ ಅಂಗೀಕರಿಸುತ್ತಾರೆ, ನಿಯಮಗಳನ್ನು ರಾಜ್ಯಪತ್ರದಲ್ಲಿ ಪ್ರಕಟಿಸುತ್ತಾರೆ. ನಿಮ್ಮ ಕರಾರು ಮಂಗಳವಾರದ ಮೀಟಿಂಗಿನಲ್ಲಿ, ಚಹಾ ಆರುವುದರೊಳಗೆ ಬದಲಾಗುತ್ತದೆ. ಮತ್ತು ಬುಧವಾರದಿಂದ ಲಕ್ಷಾಂತರ ಜನರ ಹಕ್ಕಿನ ಅರ್ಥ ಅದೇ.

ತರುಣಿ: ನಿಮ್ಮ ಕೋಷ್ಟಕದ ಕಾಲಮುಗಳನ್ನು ಯಾವ ಸಭೆ ಚರ್ಚಿಸಿತ್ತು, ಕಾಕಾ? ನಮ್ಮದು ಮಂಗಳವಾರ ಬದಲಾದರೆ ಬದಲಾದದ್ದು ಕಾಣುತ್ತದೆ. ಹಳೆಯ ಆವೃತ್ತಿಯನ್ನು ನಂಬಿದವರಿಗಾಗಿ ಅದನ್ನು ಬಹುಕಾಲ ನಡೆಸಿಕೊಂಡು ಹೋಗುತ್ತೇವೆ. ನಿಮ್ಮದು ಬದಲಾದದ್ದೂ ತಿಳಿಯುತ್ತಿರಲಿಲ್ಲ, ಏಕೆಂದರೆ ಅದನ್ನು ಬರೆದೇ ಇರಲಿಲ್ಲ.

ಹಿರಿಯರು: ಬರೆಯದ ತಪ್ಪನ್ನು ಒಬ್ಬ ಜಾಣ ಗುಮಾಸ್ತ ನೆಟ್ಟಗೆ ಮಾಡಿಕೊಂಡಾನು, ಬರೆದ ತಪ್ಪನ್ನು ಯಂತ್ರ ಎಲ್ಲ ತಾಲ್ಲೂಕುಗಳಲ್ಲಿಯೂ ನಿಷ್ಠೆಯಿಂದ ನಡೆಸುತ್ತದೆ.

ತರುಣಿ: ಜಾಣ ಗುಮಾಸ್ತ ನೆಟ್ಟಗೆ ಮಾಡಿದ್ದನ್ನು ಮರುದಿನ ಲೋಭಿ ಗುಮಾಸ್ತ ಸೊಟ್ಟಗೆ ಮಾಡಬಹುದಲ್ಲ, ಅದಕ್ಕೇನು ಹೇಳುವಿರಿ? ಇರಲಿ, ಕರಾರಿನ ಕರಡನ್ನು ನಿಮಗೇ ಕಳುಹಿಸಿಕೊಡುತ್ತೇನೆ. ಎಕರೆ, ಗುಂಟೆ, ಸರ್ನಾಕು, ಹಿಸ್ಸಾ, ಯಾವುದರಲ್ಲಿ ಎಡವಿದ್ದೇನೆಂದು ತಿದ್ದಿಕೊಡಿರಿ.

ಹಿರಿಯರು: ಕಳುಹಿಸು, ಜೊತೆಗೆ ಕೋಷ್ಟಕಗಳ ನಕ್ಷೆಯನ್ನೂ ಕಳುಹಿಸು. ಒಳಗೆ ಏನಿದೆಯೆಂದು ಕಾಣದೆ ಹೊರಗಿನ ಕರಾರನ್ನು ತಿದ್ದುವುದು ನನ್ನಿಂದಾಗದು.

ತರುಣಿ: ಅದನ್ನು ಮಾತ್ರ ಕಳುಹಿಸುವುದಿಲ್ಲ. ಕೋಷ್ಟಕಗಳನ್ನು ಕಂಡರೆ ನೀವು ಕರಾರನ್ನು ಅವುಗಳ ಅಳತೆಗೇ ಹೊಲಿದುಬಿಡುತ್ತೀರಿ. ನಾಳೆ ಕೋಷ್ಟಕ ಬದಲಾದರೆ ಕರಾರೂ ಹರಿಯುತ್ತದೆ. ಕಚೇರಿಯ ವ್ಯವಹಾರವನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ತಿದ್ದಿರಿ.

ಹಿರಿಯರು: ಒಳಗಿನದನ್ನು ಕಾಣದೆ ತಿದ್ದಿದ ಕರಾರು ಯಾವ ಕೋಷ್ಟಕಕ್ಕೂ ಹೊಂದದು, ತಂಗೀ, ಎಂದೋ ಒಂದು ದಿನ ಒಳಗಿನವನೂ ಹೊರಗಿನವನೂ ಒಂದೇ ಹೊಲದ ಮೇಲೆ ನಿಲ್ಲಲೇಬೇಕಲ್ಲ.

ತರುಣಿ: ನಿಲ್ಲಲಿ, ಆಗ ಗುಂಟೆ ತಪ್ಪಿದ್ದು ಯಾರ ಕಡೆಯಿಂದ ಎಂದು ಹೇಳಲು ನಡುವೆ ಒಂದು ಬರಹವಾದರೂ ಇರುತ್ತದೆ.